ಸಿ ಡ್ರೈವ್ ಕುಗ್ಗಿಸಿ ಲಿನಕ್ಸ್‌ಗೆ ಜಾಗ ಮಾಡಿಕೊಡುವ ಮುನ್ನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹೊತ್ತಿಗೆ ನನ್ನ ಪರಿಚಯದವರಲ್ಲಿ ಅನೇಕರು, ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಾಗದೆ, ವಿಂಡೋಸನ್ನು ಪೂರ್ತಿ ಅಳಿಸುವ ಧೈರ್ಯವೂ ಸಾಲದೆ, ಅದರ ಪಕ್ಕದಲ್ಲಿಯೇ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿಕೊಂಡರು. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ದಾಖಲೆಗಳಿಗೆ, ಕಚೇರಿಯವರು ಪಟ್ಟು ಹಿಡಿದು ಕೇಳುವ ಒಂದೆರಡು ತಂತ್ರಾಂಶಗಳಿಗೆ ವಿಂಡೋಸ್ ಬೇಕು. ಉಳಿದ ಕೆಲಸಕ್ಕೆ ಲಿನಕ್ಸ್ ಸಾಕು. ‘ಮೊದಲು ನೋಡೋಣ’ ಎಂದುಕೊಂಡು ಹೆಚ್ಚಿನವರು ಲಿನಕ್ಸ್‌ಗೆ 50–60 ಜಿಬಿ ಮಾತ್ರ ಕೊಟ್ಟಿರುತ್ತಾರೆ. ಬಳಸುತ್ತ ಬಳಸುತ್ತ ಅದೇ ಮುಖ್ಯ ವ್ಯವಸ್ಥೆಯಾಗಿ ಜಾಗ ಸಾಲದೆ ಬಂದಾಗ, ಅತ್ತ ಸಿ ಡ್ರೈವಿನಲ್ಲಿ ಅರ್ಧಕ್ಕರ್ಧ ಖಾಲಿ ಬಿದ್ದಿರುವುದು ಕಣ್ಣಿಗೆ ಕುಕ್ಕತೊಡಗುತ್ತದೆ. ನನ್ನ ಯಂತ್ರದ್ದೂ ಇದೇ ಕಥೆಯಾದ್ದರಿಂದ, ಈಚೆಗೆ ಅದರ ಪಾರ್ಟಿಷನ್‌ಗಳ, ಅಂದರೆ ಡಿಸ್ಕನ್ನು ಹಂಚಿಕೊಂಡಿರುವ ಪಾಲುಗಳ, ಅಳತೆಯನ್ನು ಬದಲಿಸಿದ ಬಗೆಯನ್ನೂ, ಅದಕ್ಕೆ ಮೊದಲು ತೆಗೆದಿಟ್ಟುಕೊಂಡ ಬ್ಯಾಕಪ್‌ಗಳನ್ನೂ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನದು 512 ಜಿಬಿಯ ಎಸ್‌ಎಸ್‌ಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಪರದೆಯ ಮೇಲೆ ಅದು 476 ಜಿಬಿ ಎಂದು ಕಾಣುತ್ತದೆ. ಡಿಸ್ಕಿನ ಆರಂಭದಲ್ಲಿ 100 ಎಂಬಿಯ ಇಎಫ್‌ಐ ಪಾರ್ಟಿಷನ್ ಇದೆ. ಎರಡೂ ವ್ಯವಸ್ಥೆಗಳು ಬೂಟ್ ಆಗಲು ಬೇಕಾದ ಕಡತಗಳು ಇರುವುದು ಇದರಲ್ಲಿ. ಅದರ ಬಲಕ್ಕೆ ವಿಂಡೋಸ್ ತನಗೆಂದು ಕಾಯ್ದಿರಿಸಿಕೊಂಡ 16 ಎಂಬಿ, ಆಮೇಲೆ ಸುಮಾರು 415 ಜಿಬಿಯ ಸಿ ಡ್ರೈವ್, ಅನಂತರ 60 ಜಿಬಿಯ ಉಬುಂಟು, ಕೊನೆಯಲ್ಲಿ ವಿಂಡೋಸ್ ಕೆಟ್ಟಾಗ ಸರಿಪಡಿಸುವ ಸಾಧನಗಳಿರುವ, ಒಂದು ಜಿಬಿಗೂ ಕಡಿಮೆಯ ರಿಕವರಿ ಪಾರ್ಟಿಷನ್. ಗಮನಿಸಬೇಕಾದ ಸಂಗತಿಯೆಂದರೆ, ಉಬುಂಟು ಇರುವ ಪಾರ್ಟಿಷನ್‌ನ ಸಂಖ್ಯೆ 5, ರಿಕವರಿಯದು 4. ಆದರೆ ಡಿಸ್ಕಿನ ಮೇಲೆ 5 ಮೊದಲು ಬಂದು 4 ಆಮೇಲೆ ಬರುತ್ತದೆ. ಸಂಖ್ಯೆ ಬೀಳುವುದು ಸೃಷ್ಟಿಯಾದ ಕ್ರಮದಲ್ಲಿ, ಕುಳಿತ ಜಾಗದ ಕ್ರಮದಲ್ಲಿ ಅಲ್ಲ. ಪಟ್ಟಿಯಲ್ಲಿ ಕೊನೆಯದೆಂದು ಕಂಡದ್ದನ್ನೇ ಡಿಸ್ಕಿನ ಕೊನೆಯದೆಂದು ತಿಳಿದು ಕೈ ಹಾಕುವವರು ಬೇರೊಂದನ್ನು ಅಳಿಸುತ್ತಾರೆ. ಆದ್ದರಿಂದ ಮೊದಲಿಗೆ ಲಿನಕ್ಸ್‌ನಲ್ಲಿ ಪಾರ್ಟಿಷನ್‌ಗಳನ್ನು ತೋರಿಸಿ ಬದಲಿಸುವ ಜಿಪಾರ್ಟೆಡ್ ಎಂಬ ತಂತ್ರಾಂಶವನ್ನು ತೆರೆದು, ಅದು ತೋರಿಸುವ ಬಣ್ಣದ ಪಟ್ಟಿಯನ್ನು ಕಾಗದದ ಮೇಲೆ ಹಾಗೆಯೇ ಬರೆದುಕೊಳ್ಳುವುದು ಒಳ್ಳೆಯದು.

ಪಾರ್ಟಿಷನ್‌ನ ಅಳತೆ ಬದಲಿಸುವುದು ಹೊರನೋಟಕ್ಕೆ ಗೆರೆಯೊಂದನ್ನು ಆಚೀಚೆ ಎಳೆದಂತೆ ಕಂಡರೂ ಒಳಗೆ ನಡೆಯುವುದು ಬೇರೆ ಬೇರೆ ಕೆಲಸಗಳು. ಪಾರ್ಟಿಷನ್ ಟೇಬಲ್ ಎನ್ನುವುದು ಜಮೀನಿನ ಹದ್ದುಬಸ್ತು ನಕ್ಷೆಯ ಹಾಗೆ: ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದಷ್ಟೇ ಅದರಲ್ಲಿರುತ್ತದೆ, ಒಳಗೆ ಏನು ಬೆಳೆದಿದೆ ಎಂಬುದು ಇರುವುದಿಲ್ಲ. ಒಳಗಿನ ಲೆಕ್ಕ ನೋಡಿಕೊಳ್ಳುವುದು ಫೈಲ್ ಸಿಸ್ಟಮ್. ವಿಂಡೋಸ್‌ನದು ಎನ್‌ಟಿಎಫ್‌ಎಸ್, ಉಬುಂಟುವಿನದು ಸಾಮಾನ್ಯವಾಗಿ ಇಎಕ್ಸ್‌ಟಿ4. ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಮ್ ತನ್ನ ದತ್ತಾಂಶವನ್ನೆಲ್ಲ ಒಳಕ್ಕೆ ಸರಿಸಿಕೊಂಡು ಚಿಕ್ಕದಾಗಬೇಕು, ಆಮೇಲೆ ಗಡಿ ಸರಿಯಬೇಕು. ಹಿಗ್ಗಿಸುವಾಗ ಮೊದಲು ಗಡಿ, ಆಮೇಲೆ ಫೈಲ್ ಸಿಸ್ಟಮ್. ಈ ಕ್ರಮ ತಿರುವುಮುರುವಾದರೆ ಫೈಲ್ ಸಿಸ್ಟಮ್‌ನ ಬಾಲ ಗಡಿಯಾಚೆ ಉಳಿದುಬಿಡುತ್ತದೆ. ಜಿಪಾರ್ಟೆಡ್‌ನಂಥ ತಂತ್ರಾಂಶಗಳು ಈ ಕ್ರಮವನ್ನು ತಾವೇ ಪಾಲಿಸುತ್ತವೆ. ಕಮಾಂಡ್ ಬರೆದು ಮಾಡುವವರು ತಾವೇ ನೆನಪಿಡಬೇಕು. ಇವೆರಡರ ಜೊತೆಗೆ, ಯಾವ ಪಾರ್ಟಿಷನ್‌ನಿಂದ ಯಾವ ವ್ಯವಸ್ಥೆಯನ್ನು ಎಬ್ಬಿಸಬೇಕೆಂಬ ಬೂಟ್ ಲೋಡರ್‌ನ ಲೆಕ್ಕವೂ ಪ್ರತ್ಯೇಕವಾಗಿ ಇರುತ್ತದೆ. ಈ ಮೂರರಲ್ಲಿ ಯಾವುದು ಕೆಟ್ಟರೂ ಯಂತ್ರ ಏಳುವುದಿಲ್ಲ, ಆದರೆ ಪರಿಹಾರ ಮೂರಕ್ಕೂ ಬೇರೆ. ‘ಬ್ಯಾಕಪ್ ತೆಗೆದಿದ್ದೇನೆ’ ಎಂದು ಯಾರಾದರೂ ಹೇಳಿದರೆ ‘ಯಾವುದರ ಬ್ಯಾಕಪ್?’ ಎಂದು ನಾನು ಕೇಳುವುದು ಇದಕ್ಕಾಗಿಯೇ.

ಮೊದಲ ಸ್ಥಾನ ಸ್ವಂತ ಕಡತಗಳದು. ಇವನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಬೇಕು. ಅದೇ ಡಿಸ್ಕಿನ ಇನ್ನೊಂದು ಪಾರ್ಟಿಷನ್‌ನಲ್ಲಿಟ್ಟ ನಕಲು ಈ ಕೆಲಸದ ಮಟ್ಟಿಗೆ ಲೆಕ್ಕಕ್ಕಿಲ್ಲ. ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸುವ ವಿಂಡೋಸ್‌ನ ರಿಸ್ಟೋರ್ ಪಾಯಿಂಟ್‌ಗಳೂ ಮಿಂಟ್‌ನ ಟೈಮ್‌ಶಿಫ್ಟ್ ಸಹ ಈ ಕಾರಣಕ್ಕೇ ಇಲ್ಲಿ ನೆರವಿಗೆ ಬರುವುದಿಲ್ಲ: ಎರಡೂ ಸಾಮಾನ್ಯವಾಗಿ ಅದೇ ಡಿಸ್ಕಿನಲ್ಲಿ ಉಳಿಯುತ್ತವೆ, ಟೈಮ್‌ಶಿಫ್ಟ್ ಅಂತೂ ಬಳಕೆದಾರರ ಸ್ವಂತ ಕಡತಗಳನ್ನು ತಾನಾಗಿ ಮುಟ್ಟುವುದೇ ಇಲ್ಲ. ವಿಂಡೋಸ್‌ನ ಕಡತಗಳನ್ನು ವಿಂಡೋಸ್ ಒಳಗಿನಿಂದಲೇ ನಕಲು ಮಾಡುವುದು ಕ್ಷೇಮ. ಲಿನಕ್ಸ್‌ನಿಂದ ಸಿ ಡ್ರೈವ್ ತೆರೆದು ಎಳೆದುಕೊಂಡರಾಯಿತು ಎಂದು ಅನ್ನಿಸಬಹುದು, ಆದರೆ ಒನ್‌ಡ್ರೈವ್ ಚಾಲನೆಯಲ್ಲಿದ್ದರೆ ಅದರ ಫೋಲ್ಡರಿನಲ್ಲಿ ಹೆಸರು ಮಾತ್ರ ಕಂಡು ಒಳಗಿನ ಸರಕು ಇಂಟರ್ನೆಟ್ಟಿನಲ್ಲಿಯೇ ಉಳಿದಿರುವ ಕಡತಗಳು ಇರುತ್ತವೆ. ಲಿನಕ್ಸ್ ಅವನ್ನು ಓದಲಾರದು. ನುಡಿಯ ಹಳೆಯ ದಾಖಲೆಗಳನ್ನು ಇಟ್ಟುಕೊಂಡಿರುವವರು ಫಾಂಟ್‌ಗಳನ್ನೂ ಜೊತೆಗೇ ನಕಲು ಮಾಡಿಕೊಳ್ಳಬೇಕು. ಯೂನಿಕೋಡ್‌ಗೆ ಮುಂಚಿನ ಆ ದಾಖಲೆಗಳಲ್ಲಿ ಅಕ್ಷರ ಕಾಣುವುದೇ ಫಾಂಟಿನ ಬಲದಿಂದ. ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವ ಅಭ್ಯಾಸವಿರುವವರಿಗೆ ಇನ್ನೊಂದು ತೊಡಕಿದೆ, ಇದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಎನ್‌ಟಿಎಫ್‌ಎಸ್ ಒಂದು ಹೆಸರಿನಲ್ಲಿ 255 ಯೂನಿಕೋಡ್ ಘಟಕಗಳವರೆಗೆ ಒಪ್ಪುತ್ತದೆ. ಇಎಕ್ಸ್‌ಟಿ4 ಒಪ್ಪುವುದು 255 ಬೈಟ್‌ಗಳನ್ನು. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪ್ರಕಾರ ಕನ್ನಡದ ಪ್ರತಿ ಯೂನಿಕೋಡ್ ಘಟಕಕ್ಕೂ 3 ಬೈಟ್ ಬೇಕು. ಅಂದರೆ ಇಂಗ್ಲಿಷಿನಲ್ಲಿ 255 ಅಕ್ಷರ ಹಿಡಿಯುವ ಜಾಗದಲ್ಲಿ ಕನ್ನಡದ 85 ಘಟಕ ಮಾತ್ರ. ಅದರಲ್ಲಿಯೂ ‘ಲಕ್ಷ್ಮೀ’ ಎಂಬಲ್ಲಿನ ‘ಕ್ಷ್ಮೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಕಂಪ್ಯೂಟರಿಗೆ ಅದು ಕ, ವಿರಾಮ, ಷ, ವಿರಾಮ, ಮ, ದೀರ್ಘದ ಚಿಹ್ನೆ ಎಂದು 6 ಘಟಕ, 18 ಬೈಟ್. ಲೇಖನದ ಪೂರ್ತಿ ಶೀರ್ಷಿಕೆ, ದಿನಾಂಕ, ‘ತಿದ್ದಿದ ಪ್ರತಿ’ ಎಲ್ಲವನ್ನೂ ಸೇರಿಸಿ ಹೆಸರಿಟ್ಟ ಕಡತ ವಿಂಡೋಸ್‌ನಲ್ಲಿ ಸುಖವಾಗಿದ್ದು, ಇಎಕ್ಸ್‌ಟಿ4 ಇರುವ ಹೊರಡಿಸ್ಕಿಗೆ ನಕಲಾಗುವಾಗ ‘ಹೆಸರು ಬಹಳ ಉದ್ದವಾಯಿತು’ ಎಂಬ ದೂರಿನೊಂದಿಗೆ ಹೊರಗುಳಿಯುತ್ತದೆ. ಸಾವಿರಾರು ಕಡತಗಳ ನಡುವೆ ಆ ಒಂದು ಸಾಲು ಪರದೆಯ ಮೇಲೆ ಹಾದುಹೋದದ್ದು ಗೊತ್ತೇ ಆಗುವುದಿಲ್ಲ. ನಕಲು ಮುಗಿದ ಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆಯನ್ನು ಹೋಲಿಸಿ ನೋಡುವುದು ಸುಲಭದ ಪರೀಕ್ಷೆ.

ಲಿನಕ್ಸ್ ಕಡೆಯ ಕಡತಗಳಿಗೆ ತದ್ವಿರುದ್ಧವಾದ ಕಷ್ಟವಿದೆ. ಅವುಗಳ ಒಡೆತನ, ಅನುಮತಿ, ಸಂಕೇತ ಕೊಂಡಿಗಳು (ಬೇರೆ ಕಡತದತ್ತ ಬೆರಳು ತೋರುವ ಹೆಸರುಗಳು) ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್ ಇರುವ ಡಿಸ್ಕಿಗೆ ನಕಲು ಮಾಡಿದರೆ ಉಳಿಯುವುದಿಲ್ಲ. ಹೊರಡಿಸ್ಕಿನಲ್ಲಿ ಇಎಕ್ಸ್‌ಟಿ4 ಭಾಗವೊಂದನ್ನು ಮಾಡಿಕೊಂಡು ಆರ್‌ಸಿಂಕ್ ಎಂಬ ನಕಲು ಮಾಡುವ ತಂತ್ರಾಂಶ ಬಳಸಬಹುದು, ಇಲ್ಲವೇ ಎಲ್ಲವನ್ನೂ ಒಂದು ಟಾರ್ ಕಡತದಲ್ಲಿ ಕಟ್ಟಿ ಇಡಬಹುದು. ಟಾರ್ ಕಟ್ಟುವುದಾದರೆ ಆ ಡಿಸ್ಕ್ ಫ್ಯಾಟ್32 ಆಗಿರಬಾರದು. ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ.

ಎರಡನೆಯದು ಇಡೀ ಡಿಸ್ಕಿನ ಇಮೇಜ್, ಅಂದರೆ ಡಿಸ್ಕಿನ ಪಡಿಯಚ್ಚು. ಕಡತಗಳು ಉಳಿದರೂ ಎರಡು ವ್ಯವಸ್ಥೆಗಳನ್ನು ಮರಳಿ ಸ್ಥಾಪಿಸಿ, ತಂತ್ರಾಂಶಗಳನ್ನು ಒಂದೊಂದಾಗಿ ಹಾಕಿ, ಪ್ರಿಂಟರಿನವರೆಗೆ ಎಲ್ಲವನ್ನೂ ಹೊಂದಿಸುವುದು ಯಾರಿಗೂ ಇಷ್ಟವಾಗುವ ಕೆಲಸವಲ್ಲ. ಇದಕ್ಕೆ ನಾನು ಬಳಸುವುದು ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಎಂಬ ಮುಕ್ತ ತಂತ್ರಾಂಶ. ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಅದು ಡಿಸ್ಕಿನ ಬಳಕೆಯಾದ ಬ್ಲಾಕ್‌ಗಳನ್ನು (ದತ್ತಾಂಶ ಕೂರುವ ಸಣ್ಣ ತುಂಡುಗಳನ್ನು) ಮಾತ್ರ ಓದಿ, ಕುಗ್ಗಿಸಿ, ಹೊರಡಿಸ್ಕಿನಲ್ಲಿ ಇಡುತ್ತದೆ. ಹೀಗಾಗಿ 512 ಜಿಬಿ ಡಿಸ್ಕಿನ ಇಮೇಜಿಗೆ ಅಷ್ಟೇ ಜಾಗ ಬೇಕಾಗುವುದಿಲ್ಲ. ದತ್ತಾಂಶವನ್ನು ಗೂಢಲಿಪಿಗೆ ಬದಲಿಸುವ ವಿಂಡೋಸ್‌ನ ಬಿಟ್‌ಲಾಕರ್‌ನಿಂದ ಬೀಗ ಹಾಕಿದ ಪಾರ್ಟಿಷನ್‌ನಲ್ಲಿ ಮಾತ್ರ ಬಳಕೆಯಾದದ್ದು ಯಾವುದು, ಖಾಲಿ ಯಾವುದು ಎಂದು ಹೊರಗಿನವರಿಗೆ ತಿಳಿಯದ ಕಾರಣ ಪ್ರತಿ ಬ್ಲಾಕನ್ನೂ ನಕಲು ಮಾಡಬೇಕಾಗುತ್ತದೆ, ಅಂಥ ದತ್ತಾಂಶ ಕುಗ್ಗುವುದೂ ಇಲ್ಲ. ಇಮೇಜನ್ನು ಮರಳಿ ಹಾಕುವಾಗ ಗುರಿ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕೆಂಬುದು ಅದರ ಸಾಮಾನ್ಯ ನಿಯಮ. ಇಮೇಜ್ ತೆಗೆದ ಮೇಲೆ ಅದು ಮರಳಿ ಹಾಕುವ ಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸಲೇ ಎಂದು ಕ್ಲೋನ್‌ಜಿಲ್ಲಾ ಕೇಳುತ್ತದೆ. ಸಮಯ ಹಿಡಿಯುತ್ತದೆಂದು ಇದನ್ನು ದಾಟಿಸಿ ಮುಂದೆ ಹೋಗುವವರೇ ಹೆಚ್ಚು; ನನ್ನ ಮಟ್ಟಿಗೆ ಪರೀಕ್ಷಿಸದ ಇಮೇಜ್ ಇದ್ದೂ ಇಲ್ಲದಂತೆ.

ಮೂರನೆಯದು ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು, ಮರೆತುಹೋಗುವುದೂ ಇದೇ. ಈಗಿನ ಯಂತ್ರಗಳ ಜಿಪಿಟಿ ಬಗೆಯ ಡಿಸ್ಕುಗಳಲ್ಲಿ ಪಾರ್ಟಿಷನ್ ಟೇಬಲ್ ಆರಂಭದಲ್ಲಿ ಒಂದು, ಕೊನೆಯಲ್ಲಿ ಅದರ ಪ್ರತಿ ಒಂದು ಎಂದು ಎರಡು ಕಡೆ ಇರುತ್ತದೆ. ಆದರೆ ಅಳತೆ ಬದಲಿಸುವಾಗ ಎರಡೂ ಒಟ್ಟಿಗೆ ಬದಲಾಗುವುದರಿಂದ, ತಪ್ಪು ನಡೆದರೆ ಎರಡರಲ್ಲಿಯೂ ಅದೇ ತಪ್ಪು ಕೂರುತ್ತದೆ. ಎಸ್‌ಜಿಡಿಸ್ಕ್ ಎಂಬ ತಂತ್ರಾಂಶದ ಬ್ಯಾಕಪ್ ಆಯ್ಕೆ ಈ ಟೇಬಲನ್ನು ಒಂದು ಕಡತವಾಗಿ ಕೊಡುತ್ತದೆ, ಅದರ ಗಾತ್ರ 20 ಕೆಬಿಯನ್ನೂ ಮುಟ್ಟುವುದಿಲ್ಲ. ಎಸ್‌ಎಫ್‌ಡಿಸ್ಕ್‌ನ ಡಂಪ್ ಆಯ್ಕೆ ಅದನ್ನೇ ಓದಬಲ್ಲ ಪಠ್ಯವಾಗಿ ಕೊಡುತ್ತದೆ: ಪ್ರತಿ ಪಾರ್ಟಿಷನ್ ಯಾವ ಸೆಕ್ಟರಿನಿಂದ ಶುರು, ಎಷ್ಟು ಸೆಕ್ಟರ್ ಉದ್ದ, ಅದರ ಗುರುತಿನ ಸಂಖ್ಯೆ ಯಾವುದು ಎಂದು ಒಂದೊಂದು ಸಾಲು. ಆ ಪರದೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡರೂ ಆದೀತು. ಟೇಬಲ್ ಮಾತ್ರ ಅಳಿಸಿಹೋಗಿ ಒಳಗಿನ ಫೈಲ್ ಸಿಸ್ಟಮ್‌ಗಳು ಹಾಗೆಯೇ ಇದ್ದರೆ, ಈ ಕೆಲವು ಸಾಲುಗಳಿಂದಲೇ ಇಡೀ ಡಿಸ್ಕ್ ಮರಳಿ ಬರುತ್ತದೆ. ಇದರೊಂದಿಗೆ 100 ಎಂಬಿಯ ಇಎಫ್‌ಐ ಪಾರ್ಟಿಷನ್‌ನ ಕಡತಗಳನ್ನೂ ನಕಲು ಮಾಡಿಟ್ಟುಕೊಳ್ಳಬೇಕು.

ಇನ್ನು ಕೀಲಿಯ ವಿಚಾರ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಬಹುತೇಕ ಯಂತ್ರಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಬಿಟ್‌ಲಾಕರ್‌ನದೇ ಸರಳ ರೂಪ) ತಾನಾಗಿಯೇ ಚಾಲನೆಗೊಳ್ಳುತ್ತದೆ. ತಮ್ಮ ಡಿಸ್ಕಿಗೆ ಬೀಗ ಬಿದ್ದಿದೆಯೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಬೂಟ್ ಕ್ರಮದಲ್ಲೋ, ನಂಬಿಕಸ್ಥ ಬೂಟ್ ಲೋಡರ್‌ಗಳನ್ನಷ್ಟೇ ಒಳಬಿಡುವ ಸೆಕ್ಯೂರ್ ಬೂಟ್‌ನಲ್ಲೋ ಬದಲಾವಣೆಯಾದುದನ್ನು ಯಂತ್ರದೊಳಗಿನ, ಕೀಲಿ ಕಾಯುವ ಟಿಪಿಎಂ ಚಿಪ್ ಗುರುತಿಸಿದರೆ, ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ನಿಜ. ಆದರೆ ಖಾತೆಯ ಪಾಸ್‌ವರ್ಡ್ ನೆನಪಿಲ್ಲದವರಿಗೆ ಅದೂ ಇಲ್ಲ. ಕೆಲಸಕ್ಕಿಳಿಯುವ ಮೊದಲು ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬೇಕು. ವಿಂಡೋಸ್ ಒಳಗಿನಿಂದ ಕುಗ್ಗಿಸುವುದಾದರೆ ಅಮಾನತು ಸಾಕು. ಜಿಪಾರ್ಟೆಡ್‌ಗೆ ಬಿಟ್‌ಲಾಕರ್ ಪಾರ್ಟಿಷನ್‌ನ ಅಳತೆ ಬದಲಿಸಲು ಬರುವುದಿಲ್ಲ. ಹಾಗೆ ಮಾಡಲೇಬೇಕಿದ್ದರೆ ಬೀಗವನ್ನು ಪೂರ್ತಿಯಾಗಿ ತೆಗೆಯಬೇಕಾಗುತ್ತದೆ.

ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವನ್ನೂ ಇದೇ ಹೊತ್ತಿಗೆ ನಿಲ್ಲಿಸಬೇಕು. ಅದು ಚಾಲೂ ಇದ್ದರೆ ‘ಶಟ್ ಡೌನ್’ ಒತ್ತಿದಾಗ ವಿಂಡೋಸ್ ನಿಜವಾಗಿ ಮುಚ್ಚುವುದಿಲ್ಲ, ತನ್ನ ತಿರುಳಾದ ಕರ್ನಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ನಿದ್ದೆಗೆ ಜಾರುತ್ತದೆ. ಎನ್‌ಟಿಎಫ್‌ಎಸ್ ಅರ್ಧ ತೆರೆದ ಸ್ಥಿತಿಯಲ್ಲಿರುವುದರಿಂದ ಲಿನಕ್ಸ್ ಅದನ್ನು ಓದಲಷ್ಟೇ ಬಿಡುತ್ತದೆ ಅಥವಾ ಮುಟ್ಟಲೇ ನಿರಾಕರಿಸುತ್ತದೆ. ಆ ನಿರಾಕರಣೆಯನ್ನು ಬಲವಂತದ ಆಯ್ಕೆಗಳಿಂದ ದಾಟಿಸುವ ಸಲಹೆಗಳು ಅಲ್ಲಲ್ಲಿ ಸಿಗುತ್ತವೆ, ಅವನ್ನು ನಂಬಬೇಡಿ. ಎರಡು ವ್ಯವಸ್ಥೆಗಳಿರುವ ‘ಡ್ಯುಯಲ್ ಬೂಟ್’ ಯಂತ್ರದಲ್ಲಿ ಈ ಸೌಲಭ್ಯಕ್ಕೆ ಶಾಶ್ವತವಾಗಿ ರಜೆ ಕೊಡುವುದೇ ಲೇಸು; ಎಸ್‌ಎಸ್‌ಡಿ ಇರುವಾಗ ಅದರಿಂದ ಉಳಿಯುವ ಸೆಕೆಂಡುಗಳು ಲೆಕ್ಕಕ್ಕೆ ಬರುವಷ್ಟಿಲ್ಲ.

ಎನ್‌ಟಿಎಫ್‌ಎಸ್ ಕುಗ್ಗಿಸುವ ಕೆಲಸ ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಆಗಲಿ, ಇಎಕ್ಸ್‌ಟಿ4ರ ಕೆಲಸ ಲಿನಕ್ಸ್‌ನಿಂದ ಆಗಲಿ ಎಂಬುದು ನಾನು ಪಾಲಿಸುವ ನಿಯಮ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವಿನ ಮೇಲೆ ಬಲಗುಂಡಿ ಒತ್ತಿ ‘ಶ್ರಿಂಕ್ ವಾಲ್ಯೂಮ್’ ಆರಿಸಿದಾಗ ಎಷ್ಟು ಕುಗ್ಗಿಸಬಹುದೆಂದು ಅದು ಎಂಬಿಯಲ್ಲಿ ಹೇಳುತ್ತದೆ. ಇಲ್ಲಿಯೇ ಹೆಚ್ಚಿನವರಿಗೆ ನಿರಾಶೆಯಾಗುವುದು: 200 ಜಿಬಿಗೂ ಮೇಲೆ ಖಾಲಿಯಿದ್ದರೂ ನನಗೆ ಅದು ಮೊದಲಿಗೆ ಬಿಟ್ಟುಕೊಡಲು ಒಪ್ಪಿದ್ದು 31 ಜಿಬಿಯನ್ನು. ಕಾರಣ ಜಾಗದ ಕೊರತೆಯಲ್ಲ, ಕೆಲವು ಕಡತಗಳ ಹಠ. ನಿದ್ದೆಗೆ ಜಾರುವಾಗ ಸ್ಥಿತಿಯನ್ನು ಬರೆದಿಡುವ ಹೈಬರ್ನೇಶನ್ ಕಡತ, ಮೆಮೊರಿ ಸಾಲದಾಗ ನೆರವಿಗೆ ಬರುವ ಪೇಜ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳ ದತ್ತಾಂಶ, ಫೈಲ್ ಸಿಸ್ಟಮ್‌ನದೇ ಮುಖ್ಯ ಪಟ್ಟಿಯಾದ ಎಂಎಫ್‌ಟಿ ಇವುಗಳನ್ನು ಚಾಲನೆಯಲ್ಲಿರುವ ವಿಂಡೋಸ್ ಕದಲಿಸುವುದಿಲ್ಲ. ಅವುಗಳಲ್ಲಿ ಯಾವುದಾದರೂ ಒಂದು ತುಣುಕು ಪಾರ್ಟಿಷನ್‌ನ ಬಲತುದಿಯ ಹತ್ತಿರ ಕುಳಿತಿದ್ದರೆ ಗಡಿ ಅಲ್ಲಿಗೇ ನಿಲ್ಲುತ್ತದೆ.

ಹಠ ಹಿಡಿದವರು ಯಾರೆಂದು ಊಹಿಸುತ್ತ ಕೂರಬೇಕಾಗಿಲ್ಲ, ವಿಂಡೋಸ್ ಅದನ್ನು ದಾಖಲಿಸಿರುತ್ತದೆ. ಈವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ದಾಖಲೆಯಲ್ಲಿ 259 ಸಂಖ್ಯೆಯ ಘಟನೆಯನ್ನು ಹುಡುಕಿದರೆ, ಕುಗ್ಗಿಸಲು ಅಡ್ಡಬಂದ ಕೊನೆಯ ಕಡತದ ಹೆಸರು ದಾರಿಸಮೇತ ಸಿಗುತ್ತದೆ. ಅದು ಹೈಬರ್ನೇಶನ್ ಕಡತವಾದರೆ ಹೈಬರ್ನೇಶನ್ ನಿಲ್ಲಿಸಿದ ಕೂಡಲೇ ಹೋಗುತ್ತದೆ, ಅದರೊಂದಿಗೆ ಫಾಸ್ಟ್ ಸ್ಟಾರ್ಟಪ್ ಕೂಡ. ಪೇಜ್ ಫೈಲನ್ನು ತಾತ್ಕಾಲಿಕವಾಗಿ ‘ಬೇಡ’ ಎಂದು ಹೊಂದಿಸಿ ಯಂತ್ರವನ್ನು ಮರುಚಾಲನೆ ಮಾಡಬೇಕು. ಸಿಸ್ಟಮ್ ಪ್ರೊಟೆಕ್ಷನ್ ನಿಲ್ಲಿಸಿ ಹಳೆಯ ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಬೇಕು. ಹೊರಗೆ ಇಮೇಜ್ ಇರುವಾಗ ಅವು ಹೋದರೆ ನಷ್ಟವಿಲ್ಲ. ಇಷ್ಟಾದ ಮೇಲೆ ನನ್ನ ಯಂತ್ರದಲ್ಲಿ ನಾನು ಬಯಸಿದ್ದ 120 ಜಿಬಿ ದೊರೆಯಿತು. ದೊರೆಯದೇ ಹೋದರೆ ಉಳಿದ ದಾರಿ ಜಿಪಾರ್ಟೆಡ್. ಅದು ಬಳಸುವ ಎನ್‌ಟಿಎಫ್‌ಎಸ್‌ರಿಸೈಜ್, ವಿಂಡೋಸ್ ಚಾಲನೆಯಲ್ಲಿ ಇಲ್ಲದಿರುವಾಗ ಕೆಲಸ ಮಾಡುವುದರಿಂದ ಆ ಕಡತಗಳನ್ನೂ ಸರಿಸಬಲ್ಲದು, ಮತ್ತು ಮುಂದಿನ ಬಾರಿ ವಿಂಡೋಸ್ ಏಳುವಾಗ ಡಿಸ್ಕ್ ತಪಾಸಣೆ ನಡೆಯುವಂತೆ ಗುರುತು ಹಾಕಿಡುತ್ತದೆ. ಆ ತಪಾಸಣೆಯನ್ನು ಮಧ್ಯದಲ್ಲಿ ನಿಲ್ಲಿಸಬಾರದು. ಕುಗ್ಗಿಸುವಾಗ ವಿಂಡೋಸ್‌ಗೆ ಉಸಿರಾಡಲು ಜಾಗ ಬಿಡುವುದನ್ನೂ ಮರೆಯಬಾರದು: ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್‌ಗೇ ಹತ್ತಾರು ಜಿಬಿ ಬೇಕಾಗುತ್ತದೆ.

ಈಗ ಸಿ ಡ್ರೈವಿಗೂ ಉಬುಂಟುವಿಗೂ ನಡುವೆ 120 ಜಿಬಿ ಖಾಲಿ ಜಾಗ ಬಿದ್ದಿದೆ. ಅದನ್ನು ಉಬುಂಟುವಿನ ಪಾರ್ಟಿಷನ್‌ಗೆ ಸೇರಿಸೋಣ ಎಂದು ಯಾರಿಗಾದರೂ ತೋಚುತ್ತದೆ. ಜಿಪಾರ್ಟೆಡ್‌ನಲ್ಲಿ ಎಡ ಅಂಚನ್ನು ಹಿಡಿದೆಳೆದರೆ ಸಾಕು, ಚಿತ್ರದಲ್ಲಿ ಅದು ಸರಿಯುತ್ತದೆ. ನನ್ನ ಸಲಹೆ, ಹಾಗೆ ಮಾಡಬೇಡಿ. ಪಾರ್ಟಿಷನ್‌ನ ಬಲ ಅಂಚು ಸರಿಸುವುದಕ್ಕೂ ಎಡ ಅಂಚು ಸರಿಸುವುದಕ್ಕೂ ಅಜಗಜಾಂತರವಿದೆ. ಬಲಕ್ಕೆ ಹಿಗ್ಗಿಸಿದರೆ ಇಎಕ್ಸ್‌ಟಿ4 ತನ್ನ ಲೆಕ್ಕದ ಪಟ್ಟಿಗೆ ಹೊಸ ಜಾಗವನ್ನು ಸೇರಿಸಿಕೊಳ್ಳುತ್ತದೆ, ಅಷ್ಟೇ. ವ್ಯವಸ್ಥೆ ಚಾಲನೆಯಲ್ಲಿರುವಾಗಲೇ ಕ್ಷಣಗಳಲ್ಲಿ ಮುಗಿಯುತ್ತದೆ. ಎಡಕ್ಕೆ ಹಿಗ್ಗಿಸಬೇಕಾದರೆ ಫೈಲ್ ಸಿಸ್ಟಮ್‌ನ ಆರಂಭವೇ ಬದಲಾಗುವುದರಿಂದ, ಒಳಗಿನ ಬ್ಲಾಕ್‌ಗಳನ್ನೆಲ್ಲ ಒಂದೊಂದಾಗಿ ಎತ್ತಿ ಎಡಕ್ಕೆ ಸಾಗಿಸಬೇಕು. ತಿರುಗುವ ಹಾರ್ಡ್‌ಡಿಸ್ಕಾದರೆ ಇದಕ್ಕೆ ಗಂಟೆಗಳೇ ಹಿಡಿಯಬಹುದು. ನಡುವೆ ಕರೆಂಟ್ ಹೋದರೆ ಫೈಲ್ ಸಿಸ್ಟಮ್‌ನ ಒಂದು ಭಾಗ ಹೊಸ ಜಾಗದಲ್ಲಿ, ಇನ್ನೊಂದು ಭಾಗ ಹಳೆಯ ಜಾಗದಲ್ಲಿ ಉಳಿದು, ಎರಡೂ ಕಡೆ ಪೂರ್ಣವಾಗಿರುವುದಿಲ್ಲ. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನ ಮೇಲೆ ಇಂಥ ಸಾಗಾಟಕ್ಕೆ ಕೈ ಹಾಕುವುದು ದುಸ್ಸಾಹಸವೇ ಸರಿ.

ಹಾಗಾದರೆ ಆ 120 ಜಿಬಿಯನ್ನು ಬಳಸುವುದು ಹೇಗೆ? ಲಿನಕ್ಸ್‌ನಲ್ಲಿ ಜಾಗ ತಿನ್ನುವುದು ಬಹುಪಾಲು ಹೋಮ್ ಫೋಲ್ಡರ್, ಅಂದರೆ ಬಳಕೆದಾರರ ಕಡತಗಳು. ಮೂಲ ವ್ಯವಸ್ಥೆಗೆ 60 ಜಿಬಿ ಧಾರಾಳವಾಯಿತು. ಖಾಲಿ ಜಾಗದಲ್ಲಿ ಹೊಸ ಇಎಕ್ಸ್‌ಟಿ4 ಪಾರ್ಟಿಷನ್ ಮಾಡಿ, ಅದನ್ನೇ ಹೋಮ್ ಆಗಿ ಜೋಡಿಸಿದರೆ ಇದ್ದ ಪಾರ್ಟಿಷನ್‌ನ ಒಂದು ಬ್ಲಾಕೂ ಕದಲುವುದಿಲ್ಲ. ಡಿಸ್ಕಿನ ನೆರವಿಲ್ಲದೆ ಲಿನಕ್ಸನ್ನು ಎಬ್ಬಿಸುವ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಹಳೆಯ ಹೋಮ್‌ನ ಎಲ್ಲವನ್ನೂ ಒಡೆತನ, ಅನುಮತಿ ಮತ್ತು ಹೆಚ್ಚುವರಿ ಗುಣಲಕ್ಷಣಗಳ ಸಮೇತ ಆರ್‌ಸಿಂಕ್ ಮೂಲಕ ಹೊಸ ಪಾರ್ಟಿಷನ್‌ಗೆ ನಕಲು ಮಾಡಿದೆ. ಹಳೆಯ ಹೋಮ್ ಅನ್ನು ಅಳಿಸದೆ ಬೇರೆ ಹೆಸರು ಕೊಟ್ಟು, ಅದರ ಜಾಗದಲ್ಲಿ ಹೋಮ್ ಎಂಬ ಖಾಲಿ ಫೋಲ್ಡರ್ ಮಾಡಿದೆ. ಯಾವ ಪಾರ್ಟಿಷನನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಹೊಸ ಪಾರ್ಟಿಷನ್‌ನ ಯುಯುಐಡಿ (ಅದಕ್ಕೇ ಮೀಸಲಾದ ಗುರುತು) ಬರೆದು ಒಂದು ಸಾಲು ಸೇರಿಸಿದೆ. ಇಲ್ಲಿ ಪಾರ್ಟಿಷನ್‌ನ ಸಂಖ್ಯೆಯ ಬದಲು ಯುಯುಐಡಿ ಬಳಸುವುದು ಮುಖ್ಯ, ಏಕೆಂದರೆ ಸಂಖ್ಯೆಗಳು ಬದಲಾಗಬಲ್ಲವು. ಸಾಲು ಬರೆದ ಮೇಲೆ ಮರುಚಾಲನೆಗೆ ಮೊದಲು ಎಲ್ಲವನ್ನೂ ಮೌಂಟ್ ಮಾಡುವ, ಅಂದರೆ ಜೋಡಿಸುವ, ಆಜ್ಞೆಯನ್ನು ಒಮ್ಮೆ ಕೊಟ್ಟು ನೋಡಿದರೆ, ಅಕ್ಷರ ತಪ್ಪಿದ್ದರೆ ಆಗಲೇ ತಿಳಿಯುತ್ತದೆ. ಇಲ್ಲವಾದರೆ ಬೂಟ್ ಆಗುವಾಗ ಬಾರದ ಪಾರ್ಟಿಷನ್‌ಗಾಗಿ 90 ಸೆಕೆಂಡ್ ಕಾದು, ವ್ಯವಸ್ಥೆ ತುರ್ತು ಸ್ಥಿತಿಯ ಕಪ್ಪು ಪರದೆಗೆ ಹೋಗಿ ನಿಲ್ಲುತ್ತದೆ.

ಎಲ್ಲ ಲಿನಕ್ಸ್‌ಗಳೂ ಇಎಕ್ಸ್‌ಟಿ4 ಬಳಸುವುದಿಲ್ಲ. ಫೆಡೋರಾ ವರ್ಕ್‌ಸ್ಟೇಷನ್ 2020ರ ಆವೃತ್ತಿ 33ರಿಂದ ಬಿಟಿಆರ್‌ಎಫ್‌ಎಸ್‌ಗೆ ಹೊರಳಿದೆ; ಅದರಲ್ಲಿ ಹೊಸ ಪಾರ್ಟಿಷನನ್ನು ಹಳೆಯದಕ್ಕೆ ಇನ್ನೊಂದು ಡಿಸ್ಕಿನಂತೆ ಸೇರಿಸಿಬಿಡಬಹುದು, ಚಾಲನೆಯಲ್ಲಿರುವಾಗಲೇ ಕುಗ್ಗಿಸಲೂಬಹುದು. ಸ್ಥಾಪಿಸುವಾಗ, ಹಲವು ಜಾಗಗಳನ್ನು ಒಂದಾಗಿ ಕೂಡಿಸಬಲ್ಲ ಎಲ್‌ವಿಎಂ ಆರಿಸಿಕೊಂಡವರಿಗೂ ಹೊಸ ಜಾಗ ಎಲ್ಲಿದ್ದರೂ ಚಿಂತೆಯಿಲ್ಲ. ಎಕ್ಸ್‌ಎಫ್‌ಎಸ್ ಇರುವವರು ಹಿಗ್ಗಿಸಬಹುದೇ ಹೊರತು ಕುಗ್ಗಿಸುವಂತಿಲ್ಲ. ಇಎಕ್ಸ್‌ಟಿ4 ಕುಗ್ಗಬೇಕಾದರೆ ಅದನ್ನು ಅನ್‌ಮೌಂಟ್ ಮಾಡಿರಬೇಕು. ಮೂಲ ವ್ಯವಸ್ಥೆಯ ಪಾರ್ಟಿಷನ್ ಆದರೆ ಲೈವ್ ಪೆನ್‌ಡ್ರೈವ್ ಬೇಕೇ ಬೇಕು.

ಡಿಸ್ಕಿನ ಕೊನೆಯಲ್ಲಿರುವ ರಿಕವರಿ ಪಾರ್ಟಿಷನ್‌ಗೂ ಒಂದು ಮಾತು. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಎಂಬ ಅಪ್‌ಡೇಟ್, ಈ ಪಾರ್ಟಿಷನ್‌ನಲ್ಲಿ ಜಾಗ ಸಾಲದ ಯಂತ್ರಗಳಲ್ಲಿ ವಿಫಲವಾಗುತ್ತಲೇ ಇತ್ತು. ಸಿ ಡ್ರೈವನ್ನು 250 ಎಂಬಿಯಷ್ಟು ಕುಗ್ಗಿಸಿ, ರಿಕವರಿಯನ್ನು ಅಳಿಸಿ, ಎರಡೂ ಜಾಗ ಸೇರಿಸಿ ದೊಡ್ಡದಾಗಿ ಮಾಡಿಕೊಳ್ಳಿ ಎಂಬುದು ಮೈಕ್ರೋಸಾಫ್ಟ್ ಸೂಚಿಸಿದ ದಾರಿ. ಸಿ ಡ್ರೈವಿನ ಪಕ್ಕದಲ್ಲಿಯೇ ರಿಕವರಿ ಇರುವ ಯಂತ್ರಕ್ಕೆ ಇದು ಸರಿ. ನಮ್ಮಂಥವರ ಡಿಸ್ಕಿನಲ್ಲಿ ನಡುವೆ ಲಿನಕ್ಸ್ ಕುಳಿತಿರುವುದರಿಂದ ಎರಡು ಜಾಗಗಳೂ ಒಂದನ್ನೊಂದು ಮುಟ್ಟುವುದಿಲ್ಲ; ಸೂಚನೆಯನ್ನು ಕಣ್ಣುಮುಚ್ಚಿ ಪಾಲಿಸಿದವರು ಇದ್ದ ರಿಕವರಿಯನ್ನೂ ಕಳೆದುಕೊಂಡು ಕೂರುತ್ತಾರೆ. ನಾನು ಹೊಸ ಹೋಮ್ ಮಾಡುವಾಗ ಸಿ ಡ್ರೈವಿಗೆ ತಾಗಿದಂತೆ 1 ಜಿಬಿ ಖಾಲಿ ಬಿಟ್ಟಿದ್ದೇನೆ. ಮುಂದೆ ಬೇಕಾದರೆ ಹೊಸ ರಿಕವರಿ ಅಲ್ಲಿಗೇ ಬರಲಿ.

ಬೂಟ್ ಲೋಡರ್‌ನ ತಂಟೆ ಯಂತ್ರದ ವಯಸ್ಸನ್ನು ಅವಲಂಬಿಸಿದೆ. ಯುಇಎಫ್‌ಐ (ಯಂತ್ರವನ್ನು ಎಬ್ಬಿಸುವ ಹೊಸ ಬಗೆಯ ಮೂಲ ತಂತ್ರಾಂಶ) ಇರುವ ಯಂತ್ರದಲ್ಲಿ ಉಬುಂಟುವಿನ ಬೂಟ್ ಲೋಡರ್ ಆದ ಗ್ರಬ್ ತನ್ನ ಪಾರ್ಟಿಷನನ್ನು ಯುಯುಐಡಿ ಮೂಲಕ ಹುಡುಕುವುದರಿಂದ, ಪಾರ್ಟಿಷನನ್ನು ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡದಿದ್ದರೆ ಅಳತೆ ಬದಲಾದದ್ದು ಅದಕ್ಕೆ ತಿಳಿಯುವುದೂ ಇಲ್ಲ. ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಷನ್ ಟೇಬಲ್ ಇರುವ ಡಿಸ್ಕುಗಳಲ್ಲಿ ಗ್ರಬ್ ಪಾರ್ಟಿಷನ್‌ನ ಸಂಖ್ಯೆಯನ್ನೇ ನೆಚ್ಚಿಕೊಂಡಿರಬಹುದು. ನಡುವೆ ಒಂದನ್ನು ಅಳಿಸಿ ಸಂಖ್ಯೆಗಳು ಹಿಂದೆ ಸರಿದರೆ ‘ಗ್ರಬ್ ರೆಸ್ಕ್ಯೂ’ ಎಂಬ ಬೋಳು ಪರದೆ ಎದುರಾಗುತ್ತದೆ. ಲೈವ್ ಪೆನ್‌ಡ್ರೈವಿನಿಂದ ಗ್ರಬ್ ಮರುಸ್ಥಾಪಿಸಿದರೆ ಅದು ಸರಿಹೋಗುತ್ತದೆ, ದತ್ತಾಂಶಕ್ಕೆ ಧಕ್ಕೆಯಿಲ್ಲ. ಗ್ರಬ್ ಮರುಸ್ಥಾಪಿಸಿದ ಮೇಲೆ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಅದು ಅಳಿಸಿಹೋಯಿತೆಂದು ಗಾಬರಿಯಾಗಬೇಕಿಲ್ಲ: 2021ರ ಗ್ರಬ್ 2.06ರಿಂದ, ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ನಡೆಯುವುದಿಲ್ಲ, ಅದನ್ನು ಸೆಟಿಂಗ್ ಕಡತದಲ್ಲಿ ನಾವೇ ಚಾಲೂ ಮಾಡಬೇಕು.

ಲೈವ್ ಪೆನ್‌ಡ್ರೈವ್ ಬಗ್ಗೆ ಹೇಳುವುದಾದರೆ, ಮೇಜಿನ ಡ್ರಾಯರಿನಲ್ಲಿ ಹಳೆಯದೊಂದು ಇದೆ ಎಂಬ ಭರವಸೆ ಸಾಲದು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದು ಹಳೆಯ ಲಿನಕ್ಸ್ ಬೂಟ್ ಲೋಡರ್‌ಗಳನ್ನು ಸೆಕ್ಯೂರ್ ಬೂಟ್‌ನ ನಿಷೇಧಪಟ್ಟಿಗೆ ಸೇರಿಸಿದ್ದರಿಂದ ಅನೇಕ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದಾಯಿತು. ಹಳೆಯ ಲೈವ್ ಪೆನ್‌ಡ್ರೈವ್‌ಗಳೂ ಅದೇ ಯಂತ್ರಗಳಲ್ಲಿ ನಿಷ್ಪ್ರಯೋಜಕವಾದವು. ಹೊಸ ಆವೃತ್ತಿಯಿಂದ ಪೆನ್‌ಡ್ರೈವ್ ಮಾಡಿಕೊಂಡು, ಕೆಲಸ ಶುರುವಾಗುವ ಮೊದಲೇ ಅದರಿಂದ ಯಂತ್ರ ನಿಜವಾಗಿ ಏಳುತ್ತದೆಯೇ ಎಂದು ನೋಡಿಕೊಳ್ಳಬೇಕು. ವಿಂಡೋಸ್ ಸ್ಥಾಪನೆಯ ಪೆನ್‌ಡ್ರೈವ್ ಒಂದನ್ನೂ ಸಿದ್ಧವಿಟ್ಟುಕೊಳ್ಳಬೇಕು, ಅದಕ್ಕೆ 8 ಜಿಬಿಯದು ಸಾಕು.

ಎಲ್ಲ ಮುಗಿದು ಎರಡೂ ವ್ಯವಸ್ಥೆಗಳು ಏಳುತ್ತಿವೆ ಎಂದಾದ ಮೇಲೆ, ನಿಲ್ಲಿಸಿದ್ದನ್ನೆಲ್ಲ ಮರಳಿ ಚಾಲೂ ಮಾಡುವ ಕೆಲಸ ಉಳಿಯುತ್ತದೆ. ಪೇಜ್ ಫೈಲನ್ನು ವಿಂಡೋಸ್‌ನ ಸುಪರ್ದಿಗೆ ಬಿಡಬೇಕು, ಸಿಸ್ಟಮ್ ಪ್ರೊಟೆಕ್ಷನ್ ಚಾಲೂ ಮಾಡಬೇಕು, ಅಮಾನತಿನಲ್ಲಿರುವ ಬಿಟ್‌ಲಾಕರನ್ನು ಮತ್ತೆ ಜಾರಿಗೆ ತರಬೇಕು. ಹೈಬರ್ನೇಶನ್ ಹಾಗೆಯೇ ನಿಂತಿರಲಿ. ಹೊಸ ಅಳತೆಯ ಪಾರ್ಟಿಷನ್ ಟೇಬಲನ್ನೂ ಒಮ್ಮೆ ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ಹಳೆಯ ಪ್ರತಿಯನ್ನು ಮರೆತು ಎಂದೋ ಒಂದು ದಿನ ಮರಳಿ ಹಾಕಿದರೆ ಗಡಿಗಳು ಹಿಂದಿನ ಸ್ಥಾನಕ್ಕೆ ಹೋಗಿ ಹೊಸ ಹೋಮ್ ಕಾಣದಾಗುತ್ತದೆ. ಬೇರೆ ಹೆಸರಿನಲ್ಲಿ ಉಳಿಸಿಕೊಂಡ ಹಳೆಯ ಹೋಮ್ ಅನ್ನು ಕೆಲವು ವಾರ ಹಾಗೆಯೇ ಬಿಟ್ಟು, ದಿನನಿತ್ಯದ ತಂತ್ರಾಂಶಗಳೆಲ್ಲ ಹೊಸ ಜಾಗದಿಂದಲೇ ಸರಿಯಾಗಿ ನಡೆಯುತ್ತಿವೆಯೆಂದು ಖಾತ್ರಿಯಾದ ಮೇಲೆ ಅಳಿಸಬಹುದು. ಮೂಲ ಪಾರ್ಟಿಷನ್‌ನಲ್ಲಿ ಅದು ಹಿಡಿದಿದ್ದ ಜಾಗ ಖಾಲಿಯಾಗುವುದು ಆಗಲೇ.